ಕ್ರಿಯಾಟಿನಿನ್ ಚೆನ್ನಾಗಿದೆ, ಆದರೆ ರಾತ್ರಿ ಉಸಿರು ಕಟ್ಟುತ್ತಿದೆ

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ನಮ್ಮದು ಮದ್ದೂರು ಕಡೆ ಹಳ್ಳಿ, ಕಬ್ಬು ಬೆಳೆಯುತ್ತೇವೆ. ಎರಡು ವರ್ಷ ಡಯಾಲಿಸಿಸ್ ಮಾಡಿಸಿ, ಒಂದು ವರ್ಷ ಎಂಟು ತಿಂಗಳ ಹಿಂದೆ ಕಿಡ್ನಿ ಕಸಿ ಮಾಡಿಸಿದೆವು. ಕಿಡ್ನಿ ಕೊಟ್ಟಿದ್ದು ನಮ್ಮ ಅತ್ತೆ. ಕ್ರಿಯಾಟಿನಿನ್ (ಕಿಡ್ನಿ ಸೋಸುವುದು ಕಡಿಮೆಯಾದಷ್ಟೂ ರಕ್ತದಲ್ಲಿ ಏರುವ ಅಂಶ) 1.3 ಇತ್ತು. ಕಸಿ ಆದ ಮೇಲೆ ಶುಗರ್ ಬಂತು. ಎರಡು ತಿಂಗಳಿಂದ ಬಿಪಿ 170/100ರ ಕೆಳಗೆ ಇಳಿಯುತ್ತಿಲ್ಲ. ಎರಡು ಮಾತ್ರೆ ಇತ್ತು, ಮೂರನೆಯದಾಗಿ ಟೆಲ್ಮಿಸಾರ್ಟಾನ್ ಸೇರಿಸಿದರು. ಈಗ ಕ್ರಿಯಾಟಿನಿನ್ 1.6. ಹೋದ ವಾರ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎದ್ದು ಕೂತರು. ಎದೆನೋವು ಇಲ್ಲ. ಎಕೋದಲ್ಲಿ ಪಂಪಿಂಗ್ 55 ಇದೆ, ಹೃದಯದ ಗೋಡೆ ದಪ್ಪ ಆಗಿದೆ ಅಂದರು. ರಕ್ತನಾಳಕ್ಕೆ ಡೈ ಬಿಟ್ಟು ನೋಡುವ ಆಂಜಿಯೋಗ್ರಾಮ್ ಮಾಡಿಸಿ ಅಂದಿದ್ದಾರೆ. ಡೈ ಹಾಕಿದರೆ ಕಿಡ್ನಿ ಹೋಗುತ್ತದೆ, ಬೇಡ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಕಿಡ್ನಿ ಉಳಿಸಿಕೊಳ್ಳೋದಾ, ಹೃದಯ ಉಳಿಸಿಕೊಳ್ಳೋದಾ? ದಿನಾ ಒಂದು ಎಳನೀರು ಕೊಡುತ್ತಿದ್ದೇನೆ, ಪರವಾಗಿಲ್ಲವಾ? ತನ್ನ ಕಿಡ್ನಿಯೇ ಸರಿ ಇರಲಿಲ್ಲವೇನೋ ಅಂತ ನಮ್ಮ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ.
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ನೋಡಿ ತಾಯಿ, ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಮಲಗಿದ ಮೇಲೆ ಉಸಿರು ಕಟ್ಟಿ ಎದ್ದು ಕೂರುವುದು ಅಂದರೆ, ಬಹುತೇಕ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ ಅಂತಲೇ ಅರ್ಥ. ಮುಂದಿನ ತಿಂಗಳ ಚೆಕಪ್ ದಿನಾಂಕಕ್ಕೆ ಕಾಯಬೇಡಿ. ಇದನ್ನು ಓದಿದ ಮರುದಿನ ಬೆಳಗ್ಗೆಯೇ ಕಸಿ ಮಾಡಿಸಿದ ಆಸ್ಪತ್ರೆಗೆ ಹೋಗಿ, ರಾತ್ರಿ ನಡೆದದ್ದನ್ನು ಇದ್ದ ಹಾಗೆ ಹೇಳಿ. ಅಷ್ಟರಲ್ಲಿ ಮತ್ತೆ ಹಾಗೇ ಆದರೆ, ಮಲಗಿಸಬೇಡಿ. ಮಂಚದ ಅಂಚಿಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಲಿ, 108ಕ್ಕೆ ಫೋನ್ ಮಾಡಿ. ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ರಾತ್ರಿ ಹೊತ್ತು ಕಾರು ಹುಡುಕುತ್ತಾ ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋದರೂ ಆಕ್ಸಿಜನ್ ಕೊಡುತ್ತಾರೆ, ನೀರು ಇಳಿಸುವ ಇಂಜೆಕ್ಷನ್ ಕೊಡುತ್ತಾರೆ, ಇಸಿಜಿ ತೆಗೆಯುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಕಡೆ ಆ ಇಸಿಜಿಯನ್ನು ದೊಡ್ಡ ಹೃದಯದ ಆಸ್ಪತ್ರೆಯ ವೈದ್ಯರು ಕೂತಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಸಿಗುತ್ತದೆ. ಮಾತ್ರೆಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಅವರ ಅಂಗಿ ಜೇಬಿನಲ್ಲೇ ಇಟ್ಟಿರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಿಡ್ನಿ ಉಳಿಸಿಕೊಳ್ಳೋದಾ, ಹೃದಯ ಉಳಿಸಿಕೊಳ್ಳೋದಾ ಅಂತ ಕೇಳಿದ್ದೀರಿ. ಈ ಮಾತು ನನ್ನ ರೂಮಿನಲ್ಲಿ ವಾರಕ್ಕೆ ಒಂದು ಸಲವಾದರೂ ಬರುತ್ತದೆ. ಕೇಳುವವರ ತಪ್ಪಲ್ಲ ಅದು. ಕಸಿ ಆದ ದಿನದಿಂದ ನಾವು ವೈದ್ಯರೇ ಎಲ್ಲರ ಕಣ್ಣನ್ನೂ ಕ್ರಿಯಾಟಿನಿನ್ ಮೇಲೆ ನೆಡುವ ಹಾಗೆ ಮಾಡಿಬಿಟ್ಟಿದ್ದೇವೆ.

ಹಲವು ವರ್ಷಗಳ ಹಿಂದೆ ಒಬ್ಬ ರೈತರು ನನ್ನ ಹತ್ತಿರ ಬರುತ್ತಿದ್ದರು. ಕಂದು ಕಾಗದದ ಬೈಂಡ್ ಹಾಕಿದ ನೂರು ಪುಟದ ನೋಟ್‌ಬುಕ್ ಅವರದು. ಪ್ರತಿ ತಿಂಗಳ ಕ್ರಿಯಾಟಿನಿನ್ ಅನ್ನು ನೀಲಿ ಇಂಕಿನಲ್ಲಿ ಬರೆದು, ಸುತ್ತ ಕೆಂಪು ಚೌಕ ಹಾಕುತ್ತಿದ್ದರು. 1.1, 1.2, 1.1, 1.1. ಪಕ್ಕದಲ್ಲಿ ಬಿಪಿ ಅಂತ ಒಂದು ಸಾಲು ಗೆರೆ ಎಳೆದಿದ್ದರು. ಮೊದಲ ಮೂರು ತಿಂಗಳು ತುಂಬಿತ್ತು, ಆಮೇಲೆ ಖಾಲಿ. ನಾನೂ ಆ ಕೆಂಪು ಚೌಕಗಳನ್ನು ನೋಡಿ ‘ಬಹಳ ಚೆನ್ನಾಗಿದೆ’ ಅಂದು ಕಳಿಸುತ್ತಿದ್ದೆ. ಕಸಿಯಾದ ಐದನೇ ವರ್ಷ ಅವರಿಗೆ ದವಡೆ ನೋವು ಶುರುವಾಯಿತು. ಹಲ್ಲಿನ ನೋವು ಅಂದುಕೊಂಡು ಎರಡು ದಿನ ಲವಂಗ ಕಚ್ಚಿಕೊಂಡಿದ್ದರು. ಮೂರನೇ ದಿನ ಗದ್ದೆಯಲ್ಲಿ ಬಿದ್ದರು, ಅದು ಹೃದಯಾಘಾತ. ಕಿಡ್ನಿ ಕೊನೆಯ ಉಸಿರಿನವರೆಗೂ ಸರಿಯಾಗಿ ಕೆಲಸ ಮಾಡುತ್ತಿತ್ತು. ಅವರ ಮಗ ಆ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲೆ ಇಟ್ಟಾಗ ನಾನು ಮೊದಲು ನೋಡಿದ್ದು ಆ ಖಾಲಿ ಸಾಲನ್ನು. ಅವತ್ತಿನಿಂದ ಯಾರೇ ಬಂದರೂ ಬಿಪಿ ನೋಡುವ ಮೊದಲು ಕ್ರಿಯಾಟಿನಿನ್ ರಿಪೋರ್ಟ್ ಬಿಚ್ಚುವುದಿಲ್ಲ.

ಅವರೊಬ್ಬರ ಕಥೆ ಅಲ್ಲ ಇದು. ಕಸಿ ಮಾಡಿದ ಕಿಡ್ನಿ ಚೆನ್ನಾಗಿರುವಾಗಲೇ ತೀರಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದಕ್ಕೆ ಮುಖ್ಯ ಕಾರಣಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಒಂದು. ನಮ್ಮ ಕಡೆ ಸೋಂಕು ಕೂಡ ಅಷ್ಟೇ ದೊಡ್ಡ ಕಾರಣ. ಹಾಗಂತ ಕಸಿ ಮಾಡಿಸಿದ್ದೇ ತಪ್ಪಾಯಿತು ಅಂದುಕೊಳ್ಳಬೇಡಿ. ಡಯಾಲಿಸಿಸ್‌ನಲ್ಲೇ ಮುಂದುವರಿದಿದ್ದರೆ ಹೃದಯಕ್ಕೆ ಇದ್ದ ಅಪಾಯ ಇದಕ್ಕಿಂತ ಜಾಸ್ತಿ. ಕಸಿ ಅದನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಕಿಡ್ನಿ ಸೊರಗಿದ್ದ ವರ್ಷಗಳಲ್ಲಿ ಬಿಪಿ ಏರಿ ಏರಿ ಹೃದಯದ ಗೋಡೆ ದಪ್ಪ ಆಗಿರುತ್ತದೆ. ಮೈಯಲ್ಲಿ ರಂಜಕ ಏರಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿದ ಹಾಗೆ ಕ್ಯಾಲ್ಸಿಯಂ ಕೂತಿರುತ್ತದೆ. ಆ ಹಳೇ ಸಾಲವನ್ನು ಹೊಸ ಕಿಡ್ನಿ ಒಂದೇ ದಿನದಲ್ಲಿ ತೀರಿಸಲಾರದು. ಅದರ ಮೇಲೆ, ದೇಹ ತಿರಸ್ಕರಿಸದ ಹಾಗೆ ಕಿಡ್ನಿ ಉಳಿಸುವ ಮಾತ್ರೆಗಳ ಭಾರ ಬೇರೆ. ಟ್ಯಾಕ್ರೋಲಿಮಸ್ ಬಿಪಿ ಏರಿಸುತ್ತದೆ, ಶುಗರ್ ತರುತ್ತದೆ. ಪ್ರೆಡ್ನಿಸೊಲೋನ್ ಹಸಿವು, ತೂಕ, ಶುಗರ್ ಮೂರನ್ನೂ ಏರಿಸುತ್ತದೆ. ಕಸಿ ಆದ ಮೇಲೆ ನಿಮ್ಮವರಿಗೆ ಶುಗರ್ ಬಂದಿದ್ದು ಬಹುಪಾಲು ಹೀಗೆಯೇ. ಆದರೆ ಈ ಮಾತ್ರೆಗಳನ್ನು ಒಂದು ದಿನವೂ ನೀವಾಗಿ ನಿಲ್ಲಿಸುವ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ವಿಷಯ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಸಿ ಮಾಡುವಾಗ ಹೊಸ ಕಿಡ್ನಿಯನ್ನು ಹಳೇ ಕಿಡ್ನಿ ಇದ್ದ ಬೆನ್ನಿನ ಜಾಗದಲ್ಲಿ ಇಡುವುದಿಲ್ಲ. ಕೆಳಹೊಟ್ಟೆಯ ಒಂದು ಬದಿಗೆ, ಸಾಮಾನ್ಯವಾಗಿ ಬಲಕ್ಕೆ ಇಡುತ್ತಾರೆ. ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಕಿಡ್ನಿಯ ನಾಳವನ್ನು ಹೊಲಿದು ಜೋಡಿಸುತ್ತಾರೆ. ಕೆಲವರಲ್ಲಿ ಆ ಜೋಡಣೆಯ ಹತ್ತಿರ ನಾಳ ಕಿರಿದಾಗುತ್ತದೆ. ಹೀಗೆ ಆಗುವುದು ಹೆಚ್ಚಾಗಿ ಕಸಿಯಾದ ಮೂರು ತಿಂಗಳಿಂದ ಎರಡು ವರ್ಷದ ಒಳಗೆ.

ನೀವು ವಿ.ಸಿ. ನಾಲೆ ಬಯಲಿನವರು, ಹಾಗಾಗಿ ಇದು ನಿಮಗೆ ಬೇಗ ಅರ್ಥವಾಗುತ್ತದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದೆ. ಆದರೆ ನಿಮ್ಮ ಗದ್ದೆಯ ತೂಬಿಗೆ ಕಸ ಕಟ್ಟಿಕೊಂಡಿದೆ. ಗದ್ದೆಗೆ ನೀರು ಬರುತ್ತಿಲ್ಲ. ಗದ್ದೆಯಲ್ಲಿ ನಿಂತವನಿಗೆ ತೂಬು ಕಟ್ಟಿದ್ದು ಕಾಣುವುದಿಲ್ಲ, ಅಣೆಕಟ್ಟೆಯಲ್ಲೇ ನೀರಿಲ್ಲ ಅಂದುಕೊಂಡು ‘ನೀರು ಬಿಡಿ, ನೀರು ಬಿಡಿ’ ಅಂತ ಕೂಗುತ್ತಾನೆ. ಕಿಡ್ನಿಯೂ ಹಾಗೇ ಮಾಡುತ್ತದೆ. ತನಗೆ ರಕ್ತ ಸಾಲದ್ದನ್ನು ನೋಡಿ, ಮೈಯಲ್ಲೇ ನೀರಿಲ್ಲ ಅಂದುಕೊಳ್ಳುತ್ತದೆ. ರೆನಿನ್ ಎಂಬ ರಸವನ್ನು ಬಿಡುತ್ತದೆ. ಅದರಿಂದ ಬಿಪಿ ಏರುತ್ತದೆ, ಉಪ್ಪು ಮತ್ತು ನೀರು ಮೈಯಲ್ಲಿ ನಿಲ್ಲುತ್ತವೆ. ಎರಡು ಕಿಡ್ನಿ ಇರುವವರಲ್ಲಿ ಒಂದಕ್ಕೆ ಹೀಗಾದರೆ ಇನ್ನೊಂದು ಆ ಹೆಚ್ಚುವರಿ ನೀರನ್ನು ಹೊರಗೆ ಹಾಕುತ್ತದೆ. ನಿಮ್ಮವರಿಗೆ ಕೆಲಸ ಮಾಡುತ್ತಿರುವುದೇ ಒಂದು. ಹಾಗಾಗಿ ನೀರು ಹೋಗಿ ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಅದೂ ಒಮ್ಮೆಲೇ, ರಾತ್ರಿ ಹೊತ್ತು. ಎಕೋ ಮಾಡಿದರೆ ಹೃದಯದ ಪಂಪಿಂಗ್ ಚೆನ್ನಾಗಿಯೇ ಇರುತ್ತದೆ. ನಿಮ್ಮವರದು 55 ಇದೆ, ಅದು ಒಳ್ಳೆಯ ಪಂಪಿಂಗ್. ನೋಡುವವರಿಗೆ ಇದು ಹೃದಯದ ಕಾಯಿಲೆ ಅನಿಸುತ್ತದೆ. ಬೇರು ಕಿಡ್ನಿಯ ತೂಬಿನಲ್ಲಿ ಇರಬಹುದು.

ಟೆಲ್ಮಿಸಾರ್ಟಾನ್ ಸೇರಿಸಿದ ಮೇಲೆ ಕ್ರಿಯಾಟಿನಿನ್ 1.3ರಿಂದ 1.6ಕ್ಕೆ ಹೋಯಿತು ಅಂದಿದ್ದೀರಿ. ನಾಳ ಕಿರಿದಾದವರಲ್ಲಿ ಈ ಬಗೆಯ ಮಾತ್ರೆ ಕಿಡ್ನಿಯ ಒಳಗಿನ ಒತ್ತಡವನ್ನು ಇಳಿಸಿ ಕ್ರಿಯಾಟಿನಿನ್ ಏರಿಸುತ್ತದೆ. ಆದರೆ ಅದೊಂದನ್ನೇ ಹಿಡಿದು ತೀರ್ಮಾನ ಮಾಡಲು ಆಗುವುದಿಲ್ಲ. ಈ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಶೇ 30ರವರೆಗೆ ಏರಿದರೂ ನಾವು ಸಾಮಾನ್ಯವಾಗಿ ಕಾದು ನೋಡುತ್ತೇವೆ. ನಿಮ್ಮವರದು ಏರಿರುವುದು ಸುಮಾರು ಶೇ 23. ಬರೀ ಇಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮೂರು ಮಾತ್ರೆಗೂ ಇಳಿಯದ ಬಿಪಿ, ಚೆನ್ನಾಗಿರುವ ಪಂಪಿಂಗ್, ರಾತ್ರಿ ಉಸಿರು ಕಟ್ಟಿದ್ದು, ಕಸಿಯಾಗಿ ಎರಡು ವರ್ಷದ ಒಳಗೆ ಇರುವುದು, ಇವೆಲ್ಲ ಒಟ್ಟಿಗೆ ಸೇರಿದ್ದರಿಂದ ಹೇಳುತ್ತಿದ್ದೇನೆ. ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿಪಿ ಇನ್ನೂ ಹಾರಬಹುದು. ನಿಲ್ಲಿಸಬೇಕೋ ಬೇಡವೋ ನಿಮ್ಮ ವೈದ್ಯರು ಅದೇ ದಿನ ಹೇಳುತ್ತಾರೆ.

ಇದೇ ಕಾಯಿಲೆ ಅಂತ ದೂರದಿಂದ ನಾನು ಹೇಳಲಾರೆ. ಟ್ಯಾಕ್ರೋಲಿಮಸ್ ಮಟ್ಟ ಏರಿದ್ದರೂ ಬಿಪಿ ಮತ್ತು ಕ್ರಿಯಾಟಿನಿನ್ ಒಟ್ಟಿಗೆ ಏರುತ್ತವೆ. ದೇಹ ಕಿಡ್ನಿಯನ್ನು ತಿರಸ್ಕರಿಸಲು ಶುರು ಮಾಡಿದ್ದರೂ ಹಾಗೇ. ಹೃದಯದ ನಾಳದಲ್ಲಿ ಬ್ಲಾಕ್ ಇರುವ ಸಾಧ್ಯತೆಯೂ ಇದೆ, ನಿಮ್ಮ ಹೃದಯದ ವೈದ್ಯರ ಅನುಮಾನ ಸರಿಯಾದದ್ದೇ. ಆದ್ದರಿಂದ ಆಂಜಿಯೋಗ್ರಾಮ್‌ಗೆ ಮೊದಲು ಎರಡು ಕೆಲಸ ಆಗಲಿ ಅಂತ ಕೇಳಿಕೊಳ್ಳಿ. ಒಂದು, ಕಸಿ ಮಾಡಿದ ಕಿಡ್ನಿಗೆ ಡಾಪ್ಲರ್ ಸ್ಕ್ಯಾನ್. ಹೊಟ್ಟೆ ಸ್ಕ್ಯಾನ್ ಮಾಡುವ ಹಾಗೆಯೇ ಮಾಡುತ್ತಾರೆ, ಡೈ ಬೇಕಿಲ್ಲ, ಸೂಜಿಯೂ ಇಲ್ಲ. ಕಿಡ್ನಿಗೆ ಹೋಗುವ ರಕ್ತದ ವೇಗ ಅದರಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಟ್ಯಾಕ್ರೋಲಿಮಸ್ ಮಟ್ಟದ ರಕ್ತ ಪರೀಕ್ಷೆ. ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ಮಾತ್ರೆ ನುಂಗಿ ಬಂದು ಕೊಟ್ಟರೆ ಲೆಕ್ಕ ತಪ್ಪಾಗುತ್ತದೆ. ಬಹಳ ಜನ ಬಸ್ಸಿನ ಹೊತ್ತು ನೋಡಿಕೊಂಡು ಮನೆಯಲ್ಲೇ ಮಾತ್ರೆ ನುಂಗಿ ಬಂದುಬಿಡುತ್ತಾರೆ, ಹಾಗೆ ಮಾಡಬೇಡಿ. ಮಾತ್ರೆ ಡಬ್ಬಿಯನ್ನು ಕೈಯಲ್ಲೇ ತನ್ನಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ನುಂಗಲಿ.

ಇನ್ನು ಡೈ ವಿಷಯ. ನಿಮ್ಮ ನೆಂಟರ ಭಯಕ್ಕೆ ಆಧಾರ ಇಲ್ಲ ಅಂತ ಹೇಳುವುದಿಲ್ಲ. ಆಂಜಿಯೋಗ್ರಾಮ್‌ಗೆ ಹಾಕುವ ಡೈ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಆದರೆ ಎಲ್ಲರಿಗೂ ಒಂದೇ ಮಟ್ಟದ ಅಪಾಯ ಅಲ್ಲ. ಅಪಾಯ ನಿಜವಾಗಿ ಏರುವುದು ಕಿಡ್ನಿ ಸೋಸುವ ಶಕ್ತಿ 30ಕ್ಕಿಂತ ಕೆಳಗೆ ಹೋದಾಗ. 47 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.6 ಅಂದರೆ ಆ ಶಕ್ತಿ ಸುಮಾರು 50ರ ಆಸುಪಾಸು ಇರುತ್ತದೆ. ಡೈ ಕೊಟ್ಟ ಎರಡು ಮೂರು ದಿನದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದರೂ ಹೆಚ್ಚಿನವರಲ್ಲಿ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಕಡಿಮೆ ಡೈ ಬಳಸುವುದು, ಮೈಯಲ್ಲಿ ನೀರಿನ ಅಂಶ ಸರಿಯಾಗಿ ನೋಡಿಕೊಳ್ಳುವುದು, ಬೇಡದ ಮಾತ್ರೆ ಆ ದಿನಗಳಲ್ಲಿ ತಡೆಯುವುದು, ಇದೆಲ್ಲ ವೈದ್ಯರಿಗೆ ಗೊತ್ತಿರುವ ಕೆಲಸ. ಶುಗರ್‌ಗೆ ಮೆಟ್‌ಫಾರ್ಮಿನ್ ಕೊಟ್ಟಿದ್ದರೆ ಅದನ್ನು ನೆನಪಿಸಿ. ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಡೈಗೆ ಮೊದಲು ಜಾಸ್ತಿ ನೀರು ಕುಡಿಯಬೇಕು ಅಂತ ಯಾರೋ ಹೇಳಿದ್ದನ್ನು ಕೇಳಿ ನೀವಾಗಿ ಚೊಂಬುಗಟ್ಟಲೆ ಕುಡಿಸಬೇಡಿ. ಶ್ವಾಸಕೋಶದಲ್ಲಿ ನೀರು ನಿಂತವರಿಗೆ ಅದು ಅಪಾಯ.

ನನಗೆ ಮುಖ್ಯ ಅನಿಸುವುದು ಇದು. ಡಾಪ್ಲರ್‌ನಲ್ಲಿ ನಾಳ ಕಿರಿದಾಗಿದೆ ಅಂತ ಅನುಮಾನ ಬಂದರೆ, ಅದನ್ನು ಖಚಿತ ಮಾಡುವುದೂ ಆಂಜಿಯೋಗ್ರಾಮ್‌ನಿಂದಲೇ. ಸರಿಪಡಿಸುವುದೂ ಅಲ್ಲೇ, ಬಲೂನ್ ಹಾಕಿ ಹಿಗ್ಗಿಸಿ ಸ್ಟೆಂಟ್ ಇಡುತ್ತಾರೆ. ಹೃದಯದ ವೈದ್ಯರೂ ಕಿಡ್ನಿ ವೈದ್ಯರೂ ಮೊದಲೇ ಮಾತಾಡಿಕೊಂಡರೆ, ಹೃದಯದ ನಾಳವನ್ನೂ ಕಿಡ್ನಿಯ ನಾಳವನ್ನೂ ಒಂದೇ ಸಲಕ್ಕೆ ನೋಡಬಹುದಾ ಅಂತ ಅವರೇ ತೀರ್ಮಾನಿಸುತ್ತಾರೆ. ಅಂದರೆ ಕಿಡ್ನಿ ಕೆಡಿಸುತ್ತದೆ ಅಂತ ನೀವು ಹೆದರುತ್ತಿರುವ ಪರೀಕ್ಷೆಯೇ ಆ ಕಿಡ್ನಿಯನ್ನು ಉಳಿಸಬಹುದು. ಸಕಾಲಕ್ಕೆ ಹಿಗ್ಗಿಸಿದರೆ ಎಷ್ಟೋ ಜನರಲ್ಲಿ ಬಿಪಿ ಹತೋಟಿಗೆ ಬರುತ್ತದೆ, ಮಾತ್ರೆ ಕಡಿಮೆಯಾಗುತ್ತದೆ, ಕ್ರಿಯಾಟಿನಿನ್ ಇಳಿಯುತ್ತದೆ. ಬಿಟ್ಟರೆ ಕಿಡ್ನಿಯೂ ಸೊರಗುತ್ತದೆ, ಹೃದಯವೂ ಸೋಲುತ್ತದೆ. ಯಾವುದನ್ನು ಉಳಿಸಿಕೊಳ್ಳೋದು ಅಂತ ಆರಿಸುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಕೈಯಿಂದ ಆಂಜಿಯೋಗ್ರಾಮ್ ಮಾಡುವುದಾದರೆ ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ್ದು) ಇರುವ ಕೈಯಿಂದ ಬೇಡ ಅಂತ ಮೊದಲೇ ಹೇಳಿ. ತೊಡೆಯ ಸಂದಿಯಿಂದ ಮಾಡುವುದಾದರೆ ಕಿಡ್ನಿ ಯಾವ ಬದಿಗೆ ಕಸಿಯಾಗಿದೆ ಅಂತ ತಿಳಿಸಿ. ಆಪರೇಷನ್ ಸಮಯದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿರುತ್ತದೆ, ಆ ಹಾಳೆ ತಪ್ಪದೆ ಒಯ್ಯಿರಿ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೇ ಹೋಗಿ, ಬೇರೆಲ್ಲಿಗೇ ಹೋಗಿ, ಆ ವೈದ್ಯರಿಗೆ ನಿಮ್ಮ ಕಿಡ್ನಿ ವೈದ್ಯರ ಫೋನ್ ನಂಬರ್ ಕೊಟ್ಟು ‘ಒಂದು ಸಲ ಮಾತಾಡಿ ಸಾರ್’ ಅಂತ ಕೇಳಲು ಸಂಕೋಚ ಬೇಡ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೃದಯದ ನಾಳದಲ್ಲಿ ಬ್ಲಾಕ್ ಕಂಡರೂ ಎಲ್ಲಕ್ಕೂ ಸ್ಟೆಂಟ್ ಬೇಕೇ ಬೇಕು ಅಂತಿಲ್ಲ. ಕಿಡ್ನಿ ತೀರಾ ಸೊರಗಿದ 777 ಜನರನ್ನು ಸೇರಿಸಿಕೊಂಡು ನಡೆದ ಒಂದು ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೃದಯಾಘಾತ ಆಗದೆ, ಪರಿಸ್ಥಿತಿ ಸ್ಥಿರವಾಗಿದ್ದವರಲ್ಲಿ, ಮೊದಲೇ ಆಂಜಿಯೋಗ್ರಾಮ್ ಮತ್ತು ಸ್ಟೆಂಟ್ ಅಂತ ಹೋದವರಿಗೂ, ಮಾತ್ರೆಯಲ್ಲೇ ನೋಡಿಕೊಂಡವರಿಗೂ ಸಾವು ಮತ್ತು ಹೃದಯಾಘಾತದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅವರು ಹೆಚ್ಚಾಗಿ ಕಸಿಯಾದವರಲ್ಲ, ನಿಮ್ಮವರ ಹಾಗೆ ರಾತ್ರಿ ಉಸಿರು ಕಟ್ಟಿ ಏಳುತ್ತಿದ್ದವರೂ ಅಲ್ಲ. ಹಾಗಾಗಿ ಇದನ್ನು ಮುಂದಿಟ್ಟುಕೊಂಡು ಪರೀಕ್ಷೆ ಬೇಡ ಅನ್ನಬೇಡಿ. ಪರೀಕ್ಷೆ ಆದ ಮೇಲೆ ಏನು ಮಾಡಬೇಕು ಅನ್ನುವುದು ಬೇರೆ ಮಾತು, ಅಷ್ಟೇ. ಆದರೆ ಸ್ಟೆಂಟ್ ಹಾಕಿದರೆ, ರಕ್ತ ತೆಳು ಮಾಡುವ ಮಾತ್ರೆಯನ್ನು ಹೇಳಿದಷ್ಟು ಕಾಲ ಒಂದು ದಿನವೂ ಬಿಡಬಾರದು.

ಎದೆನೋವು ಇಲ್ಲ ಅಂತ ಬರೆದಿದ್ದೀರಿ. ಅದನ್ನು ಧೈರ್ಯಕ್ಕೆ ಕಾರಣ ಮಾಡಿಕೊಳ್ಳಬೇಡಿ. ಶುಗರ್ ಇರುವವರಲ್ಲಿ ನರಗಳು ಮಂಕಾಗಿ ಹೃದಯದ ನೋವು ನೋವಾಗಿಯೇ ಗೊತ್ತಾಗದಿರಬಹುದು. ಏದುಸಿರು, ತಣ್ಣನೆ ಬೆವರು, ದವಡೆ ನೋವು, ಎಡಗೈ ಸೆಳೆತ, ಗ್ಯಾಸ್ ತುಂಬಿದ ಹಾಗೆ ಹೊಟ್ಟೆಯ ಮೇಲ್ಭಾಗದ ಸಂಕಟ, ಏನೂ ಮಾಡದೆ ಬರುವ ಸುಸ್ತು, ಹೀಗೆ ಬರುತ್ತದೆ. ಗ್ಯಾಸ್ ಅಂತ ಸೋಡಾ ಕುಡಿಸಿ ಬೆಳಗಿನವರೆಗೂ ಕಾದವರನ್ನು ನಾನು ಬಹಳ ನೋಡಿದ್ದೇನೆ. ಹೊಸದಾಗಿ ಇಂಥದ್ದೇನಾದರೂ ಶುರುವಾದರೆ ಮೊದಲು ಇಸಿಜಿ ಆಗಲಿ.

ಹೃದಯದ ವೈದ್ಯರು ಕೊಡುವ ಕೆಲವು ಮಾತ್ರೆಗಳು ಕಿಡ್ನಿ ಮಾತ್ರೆಯ ಮಟ್ಟವನ್ನು ಏರಿಳಿಸುತ್ತವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಡಿಲ್ಟಿಯಾಜೆಮ್ ಎಂಬ ಮಾತ್ರೆ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ. ಟ್ಯಾಕ್ರೋಲಿಮಸ್ ದುಬಾರಿ ಅಂತ, ಅದರ ಡೋಸ್ ಕಡಿಮೆ ಮಾಡಲು ಕಸಿ ವೈದ್ಯರೇ ಬೇಕೆಂದೇ ಡಿಲ್ಟಿಯಾಜೆಮ್ ಕೊಡುವುದುಂಟು. ಬೇರೆ ವೈದ್ಯರು ಅದನ್ನು ಬರೀ ಬಿಪಿ ಮಾತ್ರೆ ಅಂದುಕೊಂಡು ಬದಲಾಯಿಸಿದರೆ, ಟ್ಯಾಕ್ರೋಲಿಮಸ್ ಮಟ್ಟ ಕುಸಿದು ಕಿಡ್ನಿ ತಿರಸ್ಕಾರಕ್ಕೆ ದಾರಿಯಾಗುತ್ತದೆ. ಹೃದಯದ ಬಡಿತ ಸರಿಪಡಿಸುವ ಅಮಿಯೋಡರೋನ್, ಕೆಮ್ಮಿಗೆ ಕೊಡುವ ಕ್ಲಾರಿಥ್ರೋಮೈಸಿನ್, ಹುಳುಕಡ್ಡಿಗೆ ಕೊಡುವ ಫ್ಲುಕೋನಜೋಲ್ ಇವೂ ಮಟ್ಟ ಏರಿಸುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಇನ್ನು ಮಂಡಿ ನೋವಿಗೆ, ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಖಂಡಿತ ಬೇಡ. ಅವು ಕಿಡ್ನಿಗೂ ಕೆಟ್ಟದ್ದು, ಬಿಪಿಗೂ ಕೆಟ್ಟದ್ದು, ಹೃದಯಕ್ಕೂ ಕೆಟ್ಟದ್ದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಅಮೃತಬಳ್ಳಿ ಕಷಾಯವೂ ಬೇಡ. ಅದು ರೋಗ ತಡೆಯುವ ಶಕ್ತಿ ಹೆಚ್ಚಿಸುತ್ತದೆ ಅಂತ ಕುಡಿಯುತ್ತಾರೆ, ಆದರೆ ನಾವು ಮಾತ್ರೆ ಕೊಟ್ಟು ತಗ್ಗಿಸುತ್ತಿರುವುದು ಅದೇ ಶಕ್ತಿಯನ್ನು ಅಲ್ವಾ?

ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದಾರಾ ಅಂತ ನೀವು ಬರೆದಿಲ್ಲ. ಕೇಳಿ ನೋಡಿ. 2003ರಲ್ಲಿ ಬಂದ ಅಲರ್ಟ್ ಎಂಬ ಅಧ್ಯಯನದಲ್ಲಿ ಕಿಡ್ನಿ ಕಸಿಯಾದ 2,102 ಜನರಲ್ಲಿ ಅರ್ಧ ಜನಕ್ಕೆ ಫ್ಲುವಾಸ್ಟಾಟಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಐದು ವರ್ಷ ನೋಡಿದರು. ಫ್ಲುವಾಸ್ಟಾಟಿನ್ ನುಂಗಿದವರಲ್ಲಿ ಹೃದಯಾಘಾತ ಮತ್ತು ಹೃದಯದಿಂದಾದ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಸ್ಟೆಂಟ್, ಬೈಪಾಸ್ ಬೇಕಾದವರ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸ ಬರಲಿಲ್ಲ. ಈ ಗುಂಪಿನ ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ಕಿಡ್ನಿ ಮಾತ್ರೆಗೆ ಹೊಂದಬೇಕು. ಸೈಕ್ಲೋಸ್ಪೋರಿನ್ ನುಂಗುವವರು ಸಿಮ್ವಾಸ್ಟಾಟಿನ್ ನುಂಗುವ ಹಾಗೇ ಇಲ್ಲ, ಮಾಂಸಖಂಡ ಕರಗುವ ಅಪಾಯವಿದೆ.

ಬಿಪಿ ಗುರಿ 130/80ರ ಒಳಗೆ. ಮನೆಯಲ್ಲಿ ತೋಳಿಗೆ ಕಟ್ಟುವ ಮಿಷಿನ್ ಒಂದು ಇಟ್ಟುಕೊಳ್ಳಿ. ಫಿಸ್ಟುಲಾ ಇಲ್ಲದ ಕೈಗೆ ಕಟ್ಟಿ. ಬೆಳಗ್ಗೆ ಮಾತ್ರೆಗೆ ಮೊದಲು, ರಾತ್ರಿ ಮಲಗುವ ಮೊದಲು, ಐದು ನಿಮಿಷ ಸುಮ್ನೆ ಕೂತು ನೋಡಿ ಬರೆದಿಡಿ. ತೂಕವನ್ನೂ ದಿನಾ ಬೆಳಗ್ಗೆ ಬರೆಯಿರಿ. ಎರಡು ದಿನದಲ್ಲಿ ಒಂದೂವರೆ ಎರಡು ಕೆಜಿ ಏರಿದರೆ ಅದು ಊಟದಿಂದ ಬಂದ ತೂಕ ಅಲ್ಲ, ನೀರು.

ಫಿಸ್ಟುಲಾ ಮಾತು ಬಂತಲ್ಲ, ಅದನ್ನೂ ಒಮ್ಮೆ ನೋಡಿ. ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಮಾಡಿದ್ದು ಈಗಲೂ ಮುಟ್ಟಿದರೆ ಝುಮ್ ಅನ್ನುತ್ತಿರುತ್ತದೆ. ಮೊಣಕೈ ಮೇಲಿನ ಫಿಸ್ಟುಲಾ ಕೆಲವರಲ್ಲಿ ಹಗ್ಗದ ಹಾಗೆ ಊದಿಕೊಂಡು ಬಹಳ ರಕ್ತ ಎಳೆಯುತ್ತದೆ. ಹೃದಯ ಹಗಲು ರಾತ್ರಿ ಆ ರಕ್ತವನ್ನೂ ತಳ್ಳಬೇಕು. ಕಸಿಯಾಗಿ ಕಿಡ್ನಿ ಸ್ಥಿರವಾಗಿರುವವರಲ್ಲಿ ಫಿಸ್ಟುಲಾ ಮುಚ್ಚಿದರೆ ಹೃದಯದ ಸ್ನಾಯುವಿನ ತೂಕ ಇಳಿಯುತ್ತದೆ ಅಂತ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಎಲ್ಲರಿಗೂ ಮುಚ್ಚಬೇಕಿಲ್ಲ. ಮುಂದೆ ಎಂದಾದರೂ ಡಯಾಲಿಸಿಸ್ ಬೇಕಾದರೆ ಅದೇ ದಾರಿ, ಆದ್ದರಿಂದ ಯೋಚಿಸಿಯೇ ಮುಚ್ಚುತ್ತೇವೆ. ನಿಮ್ಮವರ ಕೈ ಹೇಗಿದೆ ಅಂತ ವೈದ್ಯರಿಗೆ ಅಂಗಿ ತೋಳು ಮಡಿಚಿ ತೋರಿಸಲಿ.

ಎಳನೀರು ಸದ್ಯಕ್ಕೆ ನಿಲ್ಲಿಸಿ. ಮದ್ದೂರಿನವರಿಗೆ ಈ ಮಾತು ಹೇಳುವುದು ಕಷ್ಟ ಅಂತ ನನಗೆ ಗೊತ್ತು, ಮನೆ ಹಿತ್ತಲಿನಲ್ಲೇ ಮರ ಇರುತ್ತದೆ. ಆದರೆ ಒಂದು ದೊಡ್ಡ ಎಳನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಟ್ಯಾಕ್ರೋಲಿಮಸ್ ಪೊಟ್ಯಾಸಿಯಂ ಹೊರಹೋಗದ ಹಾಗೆ ತಡೆಯುತ್ತದೆ. ಟೆಲ್ಮಿಸಾರ್ಟಾನ್ ಕೂಡ ತಡೆಯುತ್ತದೆ. ಸೋಂಕು ಬಾರದಿರಲಿ ಅಂತ ಕೊಡುವ ಸಲ್ಫಾ ಮಾತ್ರೆ ಇನ್ನೂ ಇದ್ದರೆ ಅದೂ ಹಾಗೇ. ಪೊಟ್ಯಾಸಿಯಂ 6 ದಾಟಿದರೆ ಹೃದಯದ ಬಡಿತ ತಪ್ಪಿ ಒಮ್ಮೆಲೇ ನಿಲ್ಲಬಹುದು, ಯಾವ ಮುನ್ಸೂಚನೆಯೂ ಇಲ್ಲದೆ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಿ, ಆಮೇಲೆ ಕುಡಿಯಬಹುದಾ ಅಂತ ಕೇಳಿ. ಬಿಪಿಗೆ ಒಳ್ಳೆಯದು ಅಂತ ಮಾರುವ ಸೋಡಿಯಂ ಕಡಿಮೆ ಇರುವ ಉಪ್ಪನ್ನೂ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ ದಾಟಬಾರದು. ಮುದ್ದೆ, ಸೊಪ್ಪಿನ ಸಾರು ಇರಲಿ. ಪಕ್ಕದ ಉಪ್ಪಿನಕಾಯಿ, ಹಪ್ಪಳ ಬಿಡಬೇಕು. ಚಕ್ಕೋತ ಹಣ್ಣು ಮುಟ್ಟಬಾರದು, ಒಂದು ತೊಳೆಯೂ ಬೇಡ. ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ. ಆಲೆಮನೆ ಹತ್ತಿರ ಇದೆ ಅಂತ ಬಿಸಿ ಬೆಲ್ಲ ತಿನ್ನುವುದೂ ಬೇಡ. ಬೆಲ್ಲವಾದರೂ ಸಕ್ಕರೆಯಾದರೂ ಶುಗರ್ ಏರುವುದು ಒಂದೇ ರೀತಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಬೇಕು.

ಜ್ವರ 100.4 ದಾಟಿದರೆ ಮನೆಯಲ್ಲಿ ಕಾಯುವ ಹಾಗಿಲ್ಲ. ಕಸಿಯಾದವರಲ್ಲಿ ಸಣ್ಣ ಸೋಂಕು ಎರಡು ದಿನದಲ್ಲಿ ದೊಡ್ಡದಾಗುತ್ತದೆ. ಸುಸ್ತಾದ ಹೃದಯ ಅದನ್ನು ತಡೆಯುವುದಿಲ್ಲ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿದ್ದೀರಾ ಕೇಳಿ. ಜೀವಂತ ವೈರಾಣು ಇರುವ ಲಸಿಕೆಗಳು ಮಾತ್ರ ಇವರಿಗೆ ಆಗುವುದಿಲ್ಲ.

ಕೊನೆಗೆ ನಿಮ್ಮ ಅತ್ತೆಯವರ ವಿಷಯ. ಈ ಭಾಗವನ್ನು ಅವರ ಹತ್ತಿರ ಕೂತು ಓದಿ ಹೇಳಿ. ಅಜ್ಜಿ, ನೀವು ಕೊಟ್ಟ ಕಿಡ್ನಿಯಲ್ಲಿ ದೋಷ ಇಲ್ಲ. ಇಷ್ಟು ದಿನ ಕ್ರಿಯಾಟಿನಿನ್ 1.3ರಲ್ಲಿ ಇಟ್ಟಿದ್ದೇ ಅದು. ನಾಳ ಕಿರಿದಾಗಿದ್ದರೆ ಅದು ಜೋಡಣೆಯ ಜಾಗದ ತೊಂದರೆ, ನಿಮ್ಮ ಕಿಡ್ನಿಯದ್ದಲ್ಲ. ಹೃದಯದ ಗೋಡೆ ದಪ್ಪ ಆಗಿದ್ದು ನೀವು ಕಿಡ್ನಿ ಕೊಡುವುದಕ್ಕೂ ಮೊದಲಿನ ಕಥೆ. ಶುಗರ್ ಬಂದಿದ್ದು ಮಾತ್ರೆಯಿಂದ. ನೀವು ಊಟ ಬಿಟ್ಟರೆ ಮಗನ ಬಿಪಿ ಇಳಿಯುವುದಿಲ್ಲ.

ತಾಯಿ, ನಿಮ್ಮನ್ನು ಒಂದು ಮಾತು ಕೇಳಬೇಕು. ಕಿಡ್ನಿ ಕೊಟ್ಟವರೂ ವರ್ಷಕ್ಕೊಂದು ಸಲ ಬಿಪಿ, ಶುಗರ್, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಿಕೊಳ್ಳಬೇಕು. ನಿಮ್ಮ ಅತ್ತೆಯವರದ್ದು ಕೊನೆಯ ಸಲ ನೋಡಿಸಿದ್ದು ಯಾವಾಗ? ನಾಳೆ ಯಜಮಾನರ ಜೊತೆ ಅವರನ್ನೂ ಕರ್ಕೊಂಡು ಹೋಗಿ.